ದೊಣೆಯ ಕಪ್ಪೆಗೆ ಸಿಕ್ಕ ಆದೇಶ

“ಬುದ್ಧಿ, ಮಠದ ಕಟ್ಟಳೆಯಲ್ಲಿ ‘ಶಿಷ್ಯನಾದವನಿಗೆ ಆಸರೆ’ ಎಂದಿದೆ. ಶಿಷ್ಯನೇ ಆಗದವನಿಗೆ ಯಾಕೆ ಆಸರೆ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಹಿರಿಯ ಶಿಷ್ಯ ಚೆನ್ನಮಲ್ಲ. ಮೂರು ತಿಂಗಳ ಹಿಂದೆ ನಡುವಯಸ್ಸಿನ ಒಬ್ಬ ಕುಡುಕ ಬಂದು ಮಠ ಸೇರಿದ್ದ. ಕುಡಿತ ಬಿಟ್ಟಿದ್ದ, ಜಗಳ ಬಿಟ್ಟಿರಲಿಲ್ಲ. ಅವನನ್ನು ಈ ದಿನವೇ ಹೊರಗೆ ಹಾಕಬೇಕೆಂದು ಚೆನ್ನಮಲ್ಲನ ಹಟ. ಆ ಮನುಷ್ಯ ಆಗಲೇ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಗುರುಗಳಿಗೆ ಸಿಟ್ಟು ಬಂತು. ಆದರೂ ಬೈಯಲಿಲ್ಲ, ಒಂದು ಕತೆ ಹೇಳಿದರು.

ಒಂದು ಕಲ್ಲುಬೆಟ್ಟ. ಅದರ ನೆತ್ತಿಯ ಬಂಡೆಯಲ್ಲಿ ಒಂದು ದೊಣೆ, ಮಳೆಯ ನೀರು ನಿಲ್ಲುವ ಕಲ್ಲಿನ ಗುಳಿ. ಅದರಲ್ಲಿ ಹೆಬ್ಬೆರಳಿನಷ್ಟು ಸಣ್ಣ ಕಪ್ಪೆಗಳಿದ್ದವು. ಬೆನ್ನಿನ ಮೇಲೆ ಅರಿಶಿನದ ಗೆರೆ. ಅಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಕುರಿಗಾಹಿ ಸುತ್ತಲಿನ ಹತ್ತು ಬೆಟ್ಟ ಹತ್ತಿ ಹುಡುಕಿದ್ದ. ಇನ್ನೆಲ್ಲೂ ಆ ಕಪ್ಪೆ ಇರಲಿಲ್ಲ. ಇಲ್ಲಿ ಅಳಿದರೆ ಲೋಕದಲ್ಲೇ ಅಳಿದ ಹಾಗೆ.

ಕಲ್ಲಿನ ವ್ಯಾಪಾರಿಯೊಬ್ಬ ಆ ಬಂಡೆಯ ಮೇಲೆ ಕಣ್ಣಿಟ್ಟ. ಸುದ್ದಿ ಕೇಳಿ ಕುರಿಗಾಹಿಗೆ ಅನ್ನ ಸೇರಲಿಲ್ಲ. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ರಾಜಧಾನಿಗೆ ನಡೆದ. ಕಪ್ಪೆಗೆ ಕಾಯಿದೆಯ ರಕ್ಷೆ ಬೇಕು ಎಂದ. ಕಪ್ಪೆಗೂ ವಕಾಲತ್ತೇ ಎಂದು ಕಚೇರಿಯವರು ನಕ್ಕರು. ನಗುವವರು ನಗಲಿ ಎಂದು ಏಳು ಸಲ ಹೋದ. ಏಳನೆಯ ಸಲ ಒಬ್ಬ ಗುಮಾಸ್ತ ಲೇಖನಿ ಎತ್ತಿಕೊಂಡ.

‘ಕಪ್ಪೆಯೋ ಹಲ್ಲಿಯೋ ಎಂದು ನಾಳೆ ಯಾರೂ ತಕರಾರು ತೆಗೆಯಬಾರದು. ಗುರುತು ಸರಿಯಾಗಿ ಹೇಳಯ್ಯ’ ಎಂದ.

ಕುರಿಗಾಹಿ ಕಣ್ಣು ಮುಚ್ಚಿ ತನ್ನ ಕಪ್ಪೆಯನ್ನು ನೆನೆದ. ‘ನಾಕು ಕಾಲು, ಸ್ವಾಮಿ. ಬಾಲ ಇಲ್ಲ. ಬೆನ್ನ ಮ್ಯಾಲೆ ಅರಿಶಿನದ ಗೆರೆ’ ಎಂದ.

ಹಾಗೆಯೇ ಬರೆದರು. ಈ ಗುರುತಿನ ಜೀವಿ ಕಂಡ ಬಂಡೆಯನ್ನು ಯಾರೂ ಮುಟ್ಟಕೂಡದು ಎಂದು ಮೊಹರು ಒತ್ತಿದರು. ಕುರಿಗಾಹಿ ಆ ಆದೇಶವನ್ನು ಎದೆಗೆ ಅವಚಿಕೊಂಡು ಬೆಟ್ಟಕ್ಕೆ ಮರಳಿದ.

ಮಳೆ ಬಿದ್ದು ತಿಂಗಳಾಗಿತ್ತು. ವ್ಯಾಪಾರಿ ಕಲ್ಲುಕುಟಿಗರನ್ನೂ ಒಬ್ಬ ಅಧಿಕಾರಿಯನ್ನೂ ಕರೆದುಕೊಂಡು ಬೆಟ್ಟ ಹತ್ತಿದ. ಕುರಿಗಾಹಿ ಆದೇಶ ಹಿಡಿದು ಅಡ್ಡ ನಿಂತ. ಅಧಿಕಾರಿ ಬಗ್ಗಿ ನೋಡಿದ. ದೊಣೆಯ ತುಂಬ ಗೊದಮೊಟ್ಟೆಗಳು. ಕಪ್ಪೆಯ ಮರಿಗಳು ಸಾವಿರಗಟ್ಟಲೆ ಬಾಲ ಆಡಿಸುತ್ತಿದ್ದವು. ಮೊಟ್ಟೆಯಿಟ್ಟ ದೊಡ್ಡ ಕಪ್ಪೆಗಳು ಬಂಡೆಯ ಬಿರುಕುಗಳಿಗೆ ಇಳಿದುಬಿಟ್ಟಿದ್ದವು.

ವ್ಯಾಪಾರಿ ಆದೇಶ ಇಸಿದುಕೊಂಡು ಗಟ್ಟಿಯಾಗಿ ಓದಿದ. ‘ನಾಲ್ಕು ಕಾಲು. ಎಲ್ಲಿವೆ? ಬಾಲ ಇಲ್ಲ. ಇವಕ್ಕೆ ಬಾಲ ಬಿಟ್ಟರೆ ಬೇರೇನೂ ಇಲ್ಲವಲ್ಲ!’

‘ಹದಿನೈದು ದಿನ ತಾಳ್ರಿ, ಸ್ವಾಮಿ. ಇವೇ ಕಪ್ಪೆ ಆಗ್ತವೆ’ ಎಂದ ಕುರಿಗಾಹಿ.

ಅಧಿಕಾರಿ ಕೆಟ್ಟವನಲ್ಲ, ಲಂಚ ಮುಟ್ಟಿದವನೂ ಅಲ್ಲ. ಕಷ್ಟ ಇರುವುದೇ ಅಲ್ಲಿ. ‘ಮುಂದೆ ಆಗುವುದರ ಮಾತು ಇದರಲ್ಲಿಲ್ಲ. ಹೊತ್ತು ನೆತ್ತಿಗೆ ಬರುವುದರೊಳಗೆ ಒಂದೇ ಒಂದು ಕಪ್ಪೆ ತೋರಿಸು, ಸಾಕು’ ಎಂದ.

ಕುರಿಗಾಹಿ ಬಂಡೆಯ ಮೇಲೆ ಬೋರಲು ಬಿದ್ದು ಒಂದೊಂದೇ ಬಿರುಕನ್ನು ಇಣುಕಿದ. ಮೊಣಕೈ ತರಚಿ ರಕ್ತ ಬಂತು. ಕೊನೆಗೆ ಒಂದು ಸೀಳಿನ ಆಳದಲ್ಲಿ ಎರಡು ಕಣ್ಣು ಕಂಡವು. ಕೈ ತೂರಿಸಿದ, ಎಟುಕಲಿಲ್ಲ. ಅಧಿಕಾರಿ ಬಂದು ಇಣುಕಿದಾಗ ಬರೀ ಕತ್ತಲೆ.

‘ಬಂಡೆ ಒಡೆದರೆ ಕಪ್ಪೆ ಕೈಗೇ ಸಿಗುತ್ತದೆ. ಒಡೆಸಲೇ?’ ಎಂದ ವ್ಯಾಪಾರಿ.

ಕುರಿಗಾಹಿ ಮತ್ತೆ ಸೀಳಿಗೆ ಕೈ ತೂರಿಸಿದ. ಅಷ್ಟರಲ್ಲಿ ಹೊತ್ತು ನೆತ್ತಿಗೆ ಬಂತು.

ಉಳಿ ಇಟ್ಟರು, ಸುತ್ತಿಗೆ ಎತ್ತಿದರು. ಐದನೆಯ ಪೆಟ್ಟಿಗೆ ಬಂಡೆ ಬಿರಿದು ದೊಣೆಯ ನೀರೆಲ್ಲ ಸೋರಿಹೋಯಿತು. ಕಾದ ಕಲ್ಲಿನ ಮೇಲೆ ಗೊದಮೊಟ್ಟೆಗಳು ಒದ್ದಾಡಿದವು. ಕುರಿಗಾಹಿ ಬೊಗಸೆ ತುಂಬ ಎತ್ತಿಕೊಂಡ. ಬಿಡಲು ನೀರಿಲ್ಲ. ಆಗ ಸೀಳಿನಿಂದ ಒಂದು ಕಪ್ಪೆ ಹೊರಗೆ ಕುಪ್ಪಳಿಸಿತು. ನಾಲ್ಕು ಕಾಲು, ಬಾಲವಿಲ್ಲ, ಅರಿಶಿನದ ಗೆರೆ.

‘ನಿಲ್ಲಿಸಿ! ಗುರುತು ಸರಿಯಾಗಿದೆ!’ ಎಂದು ಅಧಿಕಾರಿ ಕೂಗಿದ.

ನಿಲ್ಲಿಸಿದರು. ಆ ಬಂಡೆಯನ್ನು ಇವತ್ತಿಗೂ ಯಾರೂ ಮುಟ್ಟುವಂತಿಲ್ಲ. ಆದರೆ ಬಿರಿದ ದೊಣೆಯಲ್ಲಿ ನೀರು ನಿಲ್ಲದು. ಮೊಟ್ಟೆಯಿಡಲು ಜಾಗವಿಲ್ಲದೆ ಉಳಿದ ಕಪ್ಪೆಗಳೂ ನಾಲ್ಕೈದು ಮಳೆಗಾಲದಲ್ಲಿ ಮುಗಿದುಹೋದವು. ಆದೇಶ ಮಾತ್ರ ಜಾರಿಯಲ್ಲಿದೆ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲನ ಮುಖ ಕೆಂಪಾಗಿತ್ತು. “ಆ ವ್ಯಾಪಾರಿಯಂಥ ಪಾಪಿ ಇನ್ನೊಬ್ಬನಿಲ್ಲ, ಬುದ್ಧಿ” ಎಂದ.

“ಅವನು ಬರೆದದ್ದನ್ನು ಓದಿದ, ಅಷ್ಟೆ. ಬರೆಸಿದವನು ಕುರಿಗಾಹಿ. ಪ್ರೀತಿಯಿಂದಲೇ ಬರೆಸಿದ. ನನಗೆ ಸಂಕಟವಾಗುವುದು ಅದಕ್ಕೇ.”

ಬಾಗಿಲಲ್ಲಿ ನಿಂತಿದ್ದ ಮನುಷ್ಯ ಗಂಟನ್ನು ಹೆಗಲಿಗೆ ಏರಿಸಿ ಹೊರಡಲು ತಿರುಗಿದ. ಗುರುಗಳು ಕೈಯೆತ್ತಿ ಅವನನ್ನು ತಡೆದು ಶಿಷ್ಯನ ಕಡೆ ನೋಡಿದರು.

“ಚೆನ್ನಮಲ್ಲ, ನೀನು ಇಲ್ಲಿಗೆ ಬಂದ ಹೊಸದರಲ್ಲಿ ನಿನ್ನ ಬಾಲ ಎಷ್ಟು ಉದ್ದವಿತ್ತು ಎಂದು ಅವನಿಗೆ ನೀನೇ ಹೇಳುತ್ತೀಯೋ, ನಾನು ಹೇಳಲೋ?”