ತುಕ್ಕು ಕೊಟ್ಟ ಅಭಯ

ಪ್ರೌಢಶಾಲೆಯ ವಿಜ್ಞಾನದ ಬೀರುವಿನಲ್ಲಿ ಎರಡು ಸ್ಪ್ರಿಂಗ್ ತಕ್ಕಡಿಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಮಕ್ಕಳು ಒಮ್ಮೆ ದೊಡ್ಡದಕ್ಕೆ ಪುಸ್ತಕ ತುಂಬಿದ ಬ್ಯಾಗನ್ನೇ ನೇತುಹಾಕಿದರು. ಅದರ ಸ್ಪ್ರಿಂಗ್ ಸಡಿಲವಾಗಿ, ಮುಳ್ಳು ಮತ್ತೆ ಸೊನ್ನೆಗೆ ಬರಲೇ ಇಲ್ಲ. ಅದನ್ನು ಕಂಡ ಚಿಕ್ಕದಕ್ಕೆ ನಡುಕ ಹುಟ್ಟಿತು. ಬೀರುವಿನ ಬಾಗಿಲು ಕಿರ್ರೆಂದರೆ ಸಾಕು, ಹಿಂದೆ ಸರಿದು ಮೂಲೆ ಸೇರುತ್ತಿತ್ತು.

ಆ ಮೂಲೆಯಲ್ಲಿ ತುಕ್ಕು ಕಾದಿತ್ತು. "ಹೆದರಬೇಡ ಮಗೂ, ನಿನ್ನನ್ನು ನಾನು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ. ಆಮೇಲೆ ಯಾರು ಎಳೆದರೂ ನೀನು ಜಗ್ಗುವುದಿಲ್ಲ" ಎಂದಿತು.

"ನೋವಾಗುತ್ತದೆಯೇ?"

"ಗೊತ್ತೇ ಆಗುವುದಿಲ್ಲ."

"ಹಾಗಾದರೆ ಹಿಡಿದುಕೋ" ಎಂದಿತು ಚಿಕ್ಕ ತಕ್ಕಡಿ.

ಮಳೆಗಾಲ ಕಳೆದ ಮೇಲೆ ಇಂದುಮತಿ ಟೀಚರ್ ಎರಡನ್ನೂ ಹೊರಗೆ ತೆಗೆದರು. ದೊಡ್ಡದನ್ನು ಮಕ್ಕಳ ಕೈಗೆ ಕೊಟ್ಟು, "ಇದು ಸ್ವಲ್ಪ ಜಾಸ್ತಿ ತೋರಿಸುತ್ತೆ. ಮೊದಲು ಖಾಲಿ ಹಿಡಿದು ಎಷ್ಟಿದೆ ನೋಡಿ, ಅಷ್ಟನ್ನ ಕಳೆದು ಬರ್ಕೊಳ್ಳಿ" ಎಂದರು. ಚಿಕ್ಕದಕ್ಕೆ ಕಲ್ಲು ಕಟ್ಟಿದರು. ಮುಳ್ಳು ಅಲುಗಲಿಲ್ಲ. ಕೊಕ್ಕೆ ಹಿಡಿದು ಎಳೆದರೂ ಅಲುಗಲಿಲ್ಲ. "ಇದು ಗುಜರಿಗೇ ಸರಿ" ಎಂದು ಬುಟ್ಟಿಗೆ ಹಾಕಿದರು.

ಬುಟ್ಟಿಯ ತಳದಲ್ಲಿ ತಕ್ಕಡಿ, "ನನ್ನನ್ನು ಬಿಟ್ಟುಬಿಡು, ನಾನು ಅಲುಗಬೇಕು" ಎಂದು ಗೋಗರೆಯಿತು.

ತುಕ್ಕು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು. "ಹೆದರಬೇಡ ಮಗೂ. ಇನ್ನು ನಿನ್ನನ್ನು ಯಾರೂ ಎಳೆಯುವುದಿಲ್ಲ."