ಲೇಖನಿ ಬಿಟ್ಟ ಜಾಗ

ಗ್ರೀಸ್ ದೇಶದ ಒಬ್ಬ ತತ್ವಜ್ಞಾನಿಯ ಮಾತುಗಳಿದ್ದ ಹಳೆಯ ಸುರುಳಿ ಪುಡಿಯಾಗುತ್ತಿತ್ತು. ಅದರ ಬೇರೆ ಪ್ರತಿ ಎಲ್ಲೂ ಇರಲಿಲ್ಲ. ಅದನ್ನು ಹೊಸ ಹಾಳೆಗೆ ನಕಲು ಮಾಡುತ್ತಿದ್ದ ಜೊಂಡಿನ ಲೇಖನಿ, 'ಲೋಕಕ್ಕೆಲ್ಲ ಮೂಲವಾದದ್ದು' ಎಂಬಲ್ಲಿಗೆ ಬಂದು ನಿಂತಿತು. ಮುಂದಿನ ಪದವಿದ್ದ ಕಡೆ ತೂತು ಬಿದ್ದಿತ್ತು.

ತೂತಿನಿಂದ ಒಂದು ಹುಳು ತಲೆ ಹೊರಹಾಕಿತು.

"ಇಲ್ಲಿದ್ದ ಪದ ಯಾವುದು?" ಎಂದು ಲೇಖನಿ ಕೇಳಿತು.

"ತಿಂದದ್ದು ನಾನೇ, ಆದರೆ ನನಗೆ ಓದು ಬಾರದು," ಎಂದಿತು ಹುಳು. "ನೀರೋ ಬೆಂಕಿಯೋ, ನಿನಗೆ ಸರಿ ಕಂಡದ್ದನ್ನು ಬರೆ. ನಾಳೆ ಈ ಸುರುಳಿಯೇ ಇರುವುದಿಲ್ಲ, ಕೇಳುವವರು ಯಾರು?"

"ಅದಕ್ಕೇ ಬರೆಯಲಾರೆ. ನಾಳೆ ನಾನು ಬರೆದದ್ದೇ ಆ ತತ್ವಜ್ಞಾನಿಯ ಮಾತಾಗಿಬಿಡುತ್ತದೆ."

"ಇಷ್ಟು ಗ್ರಂಥ ಬರೆದ ನಿನಗೆ, ಗೊತ್ತಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆಯಾಗದೆ?"

"ಮೇಲಿನ ಸಾಲಿನಲ್ಲಿ ಅವನೇ ಎರಡು ಸಲ ಒಪ್ಪಿಕೊಂಡಿದ್ದಾನೆ," ಎಂದ ಲೇಖನಿ, ತೂತಿನ ಅಗಲವನ್ನು ಅಳೆದು, ಅಷ್ಟೇ ಜಾಗ ಖಾಲಿ ಬಿಟ್ಟು ಮುಂದೆ ಬರೆಯಿತು.

ಹುಳು ಬಹಳ ಹೊತ್ತು ಆ ಖಾಲಿ ಜಾಗವನ್ನೇ ನೋಡಿತು. ಸುರುಳಿ ಪುಡಿಯಾದ ಮೇಲೆ ಅದು ಹೊಸ ಹಾಳೆಗೆ ಬಂದು ಸೇರಿತು. ಹಸಿವೇನೂ ಕಡಿಮೆಯಾಗಿರಲಿಲ್ಲ, ಆದರೂ ಬದುಕಿದ್ದಷ್ಟು ದಿನ ಅಕ್ಷರವಿಲ್ಲದ ಅಂಚನ್ನಷ್ಟೇ ತಿಂದಿತು.