ಇನೆಸ್ ರಾಣಿಯ ತಂಬಿಗೆ

"ಕೇಳ್ರಪ್ಪೋ! ಸತ್ತ ರಾಣಿ ಮಗಳ ಬಾಯಲ್ಲಿ ಮೂರು ಒಗಟು ಕೇಳ್ತಾಳೆ. ಬಿಡಿಸಿದವನಿಗೆ ರಾಜಕುಮಾರಿ. ತಪ್ಪಿದವನು ಗಂಟಲು ಒಣಗಿ ಅಲ್ಲೇ ಸಾಯ್ತಾನೆ. ಗುಂಡಿಗೆ ಇದ್ದವರು ಬನ್ನಿ!"

ಡಂಗುರ ಕಡಲ ತಡಿಯ ಊರೆಲ್ಲ ಸುತ್ತಿತು.

ರಾಣಿ ಇನೆಸ್ ಸ್ಪೇನ್ ದೇಶದವಳು. ಹಡಗಿನಲ್ಲಿ ಬಂದವಳು. ಅವಳು ತೀರಿಕೊಂಡ ಮೇಲೆ ಅವಳ ತಂಬಿಗೆ ತಾನಾಗಿ ತುಂಬಿಕೊಂಡಿತು. ಬಗ್ಗಿಸಿದರೆ ನೀರು ಬೀಳದು. ಅಂದಿನಿಂದ ಮಗಳು ಪದ್ಮಲೆಯ ಗಂಟಲಲ್ಲೂ ಏನೂ ಇಳಿಯದು. ತುಟಿ ಬಿರಿದಿತ್ತು. ಹೆಚ್ಚು ದಿನ ಉಳಿಯುವ ಹಾಗಿರಲಿಲ್ಲ.

ಮೊದಲು ದಳವಾಯಿಯ ಮಗ ಬಂದ. ಪದ್ಮಲೆ ಬಾಯಿ ತೆರೆದಳು. ದನಿ ತಾಯಿಯದು.

"ಎಲೆ ಮೇಲೆ ಕೂತರೆ ಹೊಳೆಯುತ್ತೆ. ಕಣ್ಣಿಂದ ಇಳಿದರೆ ಸುಡುತ್ತೆ. ನನ್ನ ದೇಶದ ಮಾತಲ್ಲಿ ಅದೇನು?"

"ಮುತ್ತು," ಅಂದ. ಮುಂದೆ ಮಾತು ಬರಲಿಲ್ಲ. ನಾಲಗೆ ತರಗೆಲೆಯ ಹಾಗೆ ಸದ್ದು ಮಾಡಿತು. ಬಿದ್ದ.

ಆಮೇಲೆ ಮೆಣಸಿನ ವ್ಯಾಪಾರಿ ಸಾಂತಯ್ಯ. ಹಡಗಿನವರ ಜೊತೆ ಕುಡಿದು ಕುಡಿದು ಸ್ಪೇನಿನ ಮಾತು ಕಲಿತವನು. "ಗೋತಾ," ಅಂದ. ಸರಿಯಿತ್ತು. ಮೀಸೆ ತಿರುವಿದ.

"ಬಿಸಿ ಗಂಜಿಗೆ ತುಟಿ ಹೆದರುತ್ತೆ. ಆಗ ಅದು ಒಳಗೆ ಬಿಡೋದು ಎಷ್ಟು?"

"ನಾನೆಲ್ಲಿ ಗಂಜಿ ಕುಡಿದೆ ತಾಯಿ? ನಂದೇನಿದ್ರೂ ವಿನೋ, ದ್ರಾಕ್ಷಿ ಹೆಂಡ!"

ಯಾರೂ ನಗಲಿಲ್ಲ. ಅವನೂ ಬಿದ್ದ.

ಮೂರನೆಯವನು ದುಗ್ಗ. ಅರವಟ್ಟಿಗೆಯಲ್ಲಿ ಕೂತು ದಾರಿಹೋಕರ ಬೊಗಸೆಗೆ ನೀರು ಹೊಯ್ಯುವವನು.

"ಇಲ್ಲಿ ಯಾರೂ ಬಾಯಾರಿಲ್ಲ, ಹೋಗೋ," ಅಂದ ಬಾಗಿಲವನು.

"ಒಳಗೊಬ್ರು ಬಾಯಾರಿದ್ದಾರಣ್ಣ."

ಅದೇ ಎರಡು ಒಗಟು ಬಂದವು. "ಗೋತಾ. ಹನಿ," ಅಂದ. "ಸೋರ್ಬೊ. ಗುಟುಕು," ಅಂದ. ಗಂಟಲು ಒಣಗಲಿಲ್ಲ.

"ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬರುತ್ತೆ. ಸಾಯೋವ್ರಿಗೆ ಅದು ಆಗದು. ಏನದು?"

"ತ್ರಾಗೊ. ಬಾಯಿ ತುಂಬ ಒಂದು ಗುಕ್ಕು."

ತಂಬಿಗೆಯಲ್ಲಿ ನೀರು ಅಲುಗಿತು.

"ಯಾರು ಕಲಿಸಿದರೋ?" ಅಂದ ರಾಜ.

"ರಾಣಿಯವರೇ, ಬುದ್ಧೀ. ಕಡಲ ಕಡೆ ಬಂದಾಗ ಬೊಗಸೆ ಒಡ್ಡೋರು. ನಾನು ಹನಿ ಅಂದ್ರೆ ಅವರು ಗೋತಾ ಅನ್ನೋರು. ಗುಟುಕು ಅಂದಾಗ ನಕ್ಕು ಅವರ ಮೂಗಲ್ಲಿ ನೀರು ಬಂತು. ಆಮೇಲೆ ಸೋರ್ಬೊ ಅಂದ್ರು. ಗಟಗಟ ಕುಡಿದು ತೋರಿಸಿ ತ್ರಾಗೊ ಅಂದ್ರು."

ರಾಜ ನೆಲದ ಮೇಲೆ ಕೂತ. "ಸಾಯುವಾಗ ಗೋತಾ, ಗೋತಾ ಅಂದಳು. ಅವರ ದೇವರ ಹೆಸರು ಅಂದುಕೊಂಡೆ. ನಾನೂ ಕೈ ಮುಗಿದೆ. ಬಾಯಿಗೆ ನೀರು ಬಿಡಲಿಲ್ಲ."

"ಈಗ ಮಗಳ ಬಾಯಿಗೆ ಬಿಡಿ, ಬುದ್ಧೀ. ಅದು ರಾಣಿಯವರ ಗಂಡನ ಕೈಯಿಂದ ಆಗಬೇಕು. ನನ್ನದರಿಂದಲ್ಲ."

ರಾಜನ ನಾಲಗೆ ತಡವರಿಸಿತು. "ಗೋತಾ," ಅಂದ. ತಂಬಿಗೆ ಬಗ್ಗಿಸಿದ. ಒಂದು ಹನಿ ಮಗಳ ತುಟಿಗೆ ಬಿತ್ತು. ಆಮೇಲೆ ಒಂದು ಗುಟುಕು. ಆಮೇಲೆ ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು.

"ಅಪ್ಪಾಜಿ, ಇನ್ನೂ," ಅಂದಳು ಪದ್ಮಲೆ. ದನಿ ಅವಳದೇ.

ಮದುವೆಗೆ ಒಪ್ಪಿಗೆಯೇ ಎಂದು ಅವಳನ್ನು ಕೇಳಿದರು. "ಅಮ್ಮನ ಮಾತು ಕಲಿತವನು. ನನ್ನ ಮಾತೂ ಕೇಳ್ತಾನೆ," ಅಂದಳು. ದುಗ್ಗನಿಗೆ ಕೊಟ್ಟು ಮದುವೆ ಮಾಡಿದರು. ಅರವಟ್ಟಿಗೆಗೆ ಕಲ್ಲಿನ ಮಾಡು ಬಂತು.

ರಾಜ ದಿನಾ ಸಂಜೆ ಅಲ್ಲಿಗೆ ಬರುತ್ತಾನೆ. ಅಳಿಯನ ಹತ್ತಿರ ರಾಣಿಯ ಒಂದೊಂದೇ ಮಾತು ಕಲಿಯುತ್ತಾನೆ. ಹೋಗುವಾಗ ಕಟ್ಟೆ ಮೇಲೆ ಒಂದು ಲೋಟ ನೀರಿಟ್ಟು ಮುಚ್ಚುತ್ತಾನೆ.

ಬೆಳಗ್ಗೆ ತೆಗೆದು ನೋಡಿದರೆ ಒಂದು ಸೋರ್ಬೊದಷ್ಟು ಕಡಿಮೆ ಇರುತ್ತದೆ.